ಕೊನೆಯ ಪುಟ ಓದಿಬಿಟ್ಟ ತಪಾಸಣಾಧಿಕಾರಿಗಳಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

"ಏಳನೇ ತರಗತಿಯಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಮಕ್ಕಳನ್ನು ಹರಟೆಗೆ ಬಿಟ್ಟಿದ್ದೀರಿ" ಎಂಬ ತಮ್ಮ ನೋಟಿಸು ಕೈಸೇರಿತು. ಆರೋಪ ನಿಜ. ನಿಲ್ಲಿಸಿದ್ದು ನಾನೇ. ಮುಂದೇನಾಗಬಹುದು, ಯಾರ ಮೇಲೆ ಅನುಮಾನ, ಯಾಕೆ ಅನುಮಾನ ಎಂದು ಕೇಳಿದ್ದೂ ನಾನೇ. ಕುತೂಹಲದ ಕಥೆಯನ್ನು ಕುತೂಹಲದಿಂದ ಓದಿಸುವುದು ಇಂಥ ಘೋರ ಅಪರಾಧವೆಂದು ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾರೂ ಹೇಳಿರಲಿಲ್ಲ. ತಮ್ಮ ಕಾಲದಲ್ಲಿ ಮೊದಲು ಪ್ರಶ್ನೋತ್ತರ ಬರೆದು ಆಮೇಲೆ ಕಥೆ ಓದುತ್ತಿದ್ದರೇನೋ, ನನಗೆ ತಿಳಿಯದು.

ಅವತ್ತು ನಡೆದದ್ದು ಊರಿಗೂ ತಿಳಿಯಲಿ. ಕಥೆಯಲ್ಲಿ ಅಪರಿಚಿತನೊಬ್ಬ ಒಂಟಿ ಮುದುಕಿಯ ಮನೆಗೆ ಬರುತ್ತಾನೆ. "ರೇಷ್ಮೆ ನೂಲು ಬಿಚ್ಚೋನು, ಕೆಲಸ ಮುಗಿಸಿ ನೇರ ಬಂದೆ" ಎನ್ನುತ್ತಾನೆ. ಮುದುಕಿ ನೀರು ಕೊಡುವಾಗ ಅವನ ಕೈಯಿಂದ ಗಂಧದ ಸೋಪಿನ ಘಮ ಬರುತ್ತದೆ. ಅಲ್ಲಿಗೆ ಪುಸ್ತಕ ಮುಚ್ಚಿಸಿದೆ. ಕೆಂಪರಾಜು ಪಕ್ಕದವನಿಗೆ, "ಒಳ್ಳೇವ್ನು ಕಣ್ಲಾ, ಕೈ ತೊಳ್ಕೊಂಡ್ ಬಂದವ್ನೆ" ಎಂದ. ಆಗ, ಜೂನ್‌ನಿಂದ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿಬಿಡದಿದ್ದ ನೂರೀನ್ ಎದ್ದು ನಿಂತಳು. "ಸುಳ್ಳು ಹೇಳ್ತಾವ್ನೆ ಸಾ. ನಮ್ಮ ಅಬ್ಬಾ ದಿನಾ ರೇಷ್ಮೆಗೂಡು ಬೇಯಿಸ್ತಾರೆ. ಎಷ್ಟು ಸೋಪ್ ಹಾಕಿ ಉಜ್ಜುದ್ರೂ ಕೈ ವಾಸ್ನೆ ಹೋಗಲ್ಲ. ಇವ್ನು ಕಳ್ಳ." ಶಭಾಶ್ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಬಾಗಿಲಲ್ಲಿ ತಾವು. "ಪುಸ್ತಕದಲ್ಲಿ ಇಲ್ಲದ್ದೆಲ್ಲ ಹೇಳಬಾರದು, ಕೂತ್ಕೋ" ಎಂದು ಅವಳನ್ನು ಕೂರಿಸಿ, ಪಾಠ ಪೂರ್ಣಗೊಳಿಸುವ ಕರ್ತವ್ಯಪ್ರಜ್ಞೆಯಿಂದ ಕೊನೆಯ ಪುಟವನ್ನು ಖುದ್ದು ಗಟ್ಟಿಯಾಗಿ ಓದಿದಿರಿ. ಅದರಲ್ಲೇನಿತ್ತು ಸ್ವಾಮಿ? ಬಂದವನು ಕಳ್ಳ, ಮುದುಕಿಗೆ ಅದು ತಿಳಿದದ್ದು ಸೋಪಿನ ಘಮದಿಂದ. ತರಗತಿ ಗೊಳ್ಳೆಂದು ನಕ್ಕಿತು. ನೋಟಿಸಿನಲ್ಲಿ ಅದಕ್ಕೆ "ಅಶಿಸ್ತು" ಎಂದು ಹೆಸರಿಟ್ಟಿದ್ದೀರಿ. ಓದಿದ್ದನ್ನು ತಾವು ಒಸಿ ಕೇಳಿಸಿಕೊಂಡಿದ್ದರೆ ತಾವೂ ನಗುತ್ತಿದ್ದಿರಿ.

ಈಗ ಆ ನಗು ಇಲ್ಲ. ತನ್ನಿಂದಲೇ ಮೇಷ್ಟ್ರಿಗೆ ನೋಟಿಸು ಬಂತೆಂದು ನೂರೀನ್ ಮತ್ತೆ ಬಾಯಿ ಹೊಲಿದುಕೊಂಡಿದ್ದಾಳೆ. ಮೊನ್ನೆ ಇನ್ನೊಂದು ಕಥೆ ನಿಲ್ಲಿಸಿ ಕೇಳಿದರೆ "ಗೊತ್ತಿಲ್ಲ ಸಾ" ಎಂದಳು. ಗೊತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು.

ನೋಟಿಸು ಹಿಂಪಡೆಯುವುದೇನೂ ಬೇಡ, ಅದು ನನ್ನ ಬಳಿಯೇ ಇರಲಿ. ತಾವು ಇನ್ನೊಮ್ಮೆ ನಮ್ಮ ತರಗತಿಗೆ ಬಂದು, ಎಲ್ಲರೆದುರು ಆ ಮಗುವಿಗೆ "ನೀನು ಹೇಳಿದ್ದೇ ಸರಿಯಮ್ಮ" ಎನ್ನಬೇಕು. ಇಷ್ಟೇ ನನ್ನ ಒತ್ತಾಯ. ತಾವು ಬರುತ್ತೀರೋ ಇಲ್ಲವೋ ಊಹಿಸಿ ಎಂದು ನಿನ್ನೆ ಮಕ್ಕಳನ್ನೇ ಕೇಳಿದೆ. ಮೂವತ್ತೊಂದು ಮಕ್ಕಳು "ಬರಲ್ಲ" ಎಂದರು. ಬರುತ್ತಾರೆ ಎಂದು ಸದ್ದಿಲ್ಲದೆ ಕೈ ಎತ್ತಿದವಳು ನೂರೀನ್ ಒಬ್ಬಳೇ.

ಇಂತಿ,
ಈ ಕಥೆಯನ್ನೂ ಅರ್ಧಕ್ಕೇ ನಿಲ್ಲಿಸಿರುವ
ಮುನಿಕೃಷ್ಣ, ಕನ್ನಡ ಮೇಷ್ಟ್ರು, ರಾಮನಗರ