ದುಃಖದ ಮನೆಯ ಕಿಟಕಿ

ಪ್ರೀತಿಯ ಚಿಕ್ಕಮ್ಮ,

ಉತ್ತರದ ಟೂರಿನ್ ಬಿಟ್ಟು ದಕ್ಷಿಣದ ಸಿಸಿಲಿಯ ಈ ಆಸ್ಪತ್ರೆಗೆ ಡಾಕ್ಟರಾಗಿ ಬಂದು ಮೂರು ತಿಂಗಳಾಯಿತು. ನನ್ನ ಬೆಪ್ಪುತನ ಇವತ್ತು ಬಯಲಾಯಿತು. ಖಿನ್ನತೆಯ ಮಾತ್ರೆಯ ಜೊತೆಗೆ ಬೆಳಗಿನ ಬಿಸಿಲೂ ಸಿಕ್ಕರೆ ದೇಹದ ಗಡಿಯಾರ ಬೇಗ ಸರಿಹೋಗುತ್ತದೆಯೇ ಎಂದು ನೋಡಲು ಅರ್ಧ ರೋಗಿಗಳನ್ನು ಪೂರ್ವದ ಕೋಣೆಗಳಲ್ಲಿ ಮಲಗಿಸಿದ್ದೆ. ಒಬ್ಬರೂ ಬೇಗ ಚೇತರಿಸಿಕೊಳ್ಳಲಿಲ್ಲ. ಮಾತ್ರೆಯನ್ನು ಬೈದೆ, ನಿದ್ದೆ ಅಳೆಯುವ ಯಂತ್ರವನ್ನು ಬೈದೆ. ಇವತ್ತು ಬೆಳಿಗ್ಗೆ ಆರಕ್ಕೇ ಹೋಗಿ ನೋಡುತ್ತೇನೆ, ಸೂರ್ಯ ಹುಟ್ಟುತ್ತಿದ್ದಂತೆ ನರ್ಸ್ ಅಡ್ಡೊಲೊರಾತಾ ಒಂದೊಂದೇ ಕಿಟಕಿ ಮುಚ್ಚುತ್ತಿದ್ದಾಳೆ!

“ದುಃಖ ಇರೋ ಮನೇಲಿ ಯಾರಾದ್ರೂ ಕಿಟಕಿ ತೆಗೀತಾರೇನ್ರೀ ಡಾಕ್ಟ್ರೇ? ನಿಮ್ಮ ಉತ್ತರದೋರಿಗೆ ಮರ್ಯಾದೇನೇ ಗೊತ್ತಿಲ್ಲ,” ಎಂದು ನನಗೇ ಗದರಿದಳು.

ನಾನೇ ಹೋಗಿ ಎಲ್ಲವನ್ನೂ ತೆರೆದೆ. ಮೂರು ವಾರದಿಂದ ತುಟಿ ಬಿಚ್ಚದ ಮುದುಕ ಸವೇರಿಯೋ, ಊರಿನ ಕ್ಷೌರಿಕ, ಕಣ್ಣು ಕಿರಿದು ಮಾಡಿ, “ಯಾರಮ್ಮಾ ಅದು ತೆಗ್ದಿದ್ದು? ಕಣ್ಣು ಕುಕ್ತಾ ಇದೆ. ಹೋಗ್ಲಿ, ಕಾಫಿನಾದ್ರೂ ಕೊಡು,” ಎಂದ. ಅಷ್ಟಕ್ಕೇ ಗುಣವಾದನೆಂದಲ್ಲ. ಆದರೂ ಕಾಫಿ ತರಲು ಓಡಿದವಳು ನಾನೇ.

ಹಿಂದಿನ ಕಾರ್ಡಿನಲ್ಲಿ ಹೇಳಿದ್ದೆನಲ್ಲ, ಅಂಜೂರ ತಿಂದು ಕೆಟ್ಟಿದ್ದ ಹೊಟ್ಟೆ ಈಗ ಸರಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಒಂದೇ ಮಾತು: ಚಿಕ್ಕಪ್ಪ ತೀರಿಹೋದಾಗ ನೀನು ಮುಚ್ಚಿ ಇನ್ನೂ ತೆರೆಯದ ಅಡುಗೆಮನೆ ಕಿಟಕಿಯೂ ಪೂರ್ವಕ್ಕೇ ಇದೆ, ಅಲ್ವಾ?

ನಿನ್ನ ಒರ್ನೆಲ್ಲಾ