ಅತ್ತೆಯ ಮಾತ್ರೆ ಬದಲಾಯಿಸಿದ ವರ್ಷ

ಅತ್ತೆಯವರಿಗೆ ರಘುವಿನ ನಮಸ್ಕಾರ.

ನೀವು ಹೋಗಿ ಎರಡು ಚಳಿಗಾಲ ಕಳೆದವು. ನೀವಿದ್ದಾಗ ನಾನು ನಿಮಗೆ ಒಂದು ಸಾಲನ್ನೂ ಬರೆದವನಲ್ಲ. ಒಂದೇ ಮನೆಯಲ್ಲಿ ಇದ್ದವರಿಗೆ ಕಾಗದವೇಕೆ? ಈಗ ಒಂದು ಸುದ್ದಿ ಹೇಳುವುದಿದೆ. ಅದಕ್ಕೂ ಮೊದಲು ಆ ಮಾತ್ರೆಯ ವಿಷಯ. ನಾವಿಬ್ಬರೂ ಒಮ್ಮೆ ಜಗಳವಾಡಿ ಅದನ್ನು ಮುಗಿಸಿದ್ದೆವು, ನಿಜ. ಆದರೂ ನನ್ನ ಮಾತು ಗಂಟಲಲ್ಲೇ ಉಳಿದುಹೋಗಿತ್ತು.

ದೆಹಲಿಯ ಸರೋಜಿನಿ ನಗರದ ಹತ್ತಿರದ ಬಾಡಿಗೆ ಮನೆ ಖಾಲಿ ಮಾಡಿ ಘಾಜಿಯಾಬಾದಿನ ನಮ್ಮ ಫ್ಲ್ಯಾಟಿಗೆ ಬಂದ ದಿನವೇ ನೀವು ಕರಾರು ಹಾಕಿದ್ದಿರಿ. "ಅನ್ನ ನಿಮ್ಮದು ತಿಂತೀನಿ ಅಳಿಯಂದ್ರೇ. ಮಾತ್ರೆ ಮಾತ್ರ ನನ್ನ ದುಡ್ಡಲ್ಲೇ." ಖಾಸಗಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಟೀಚರ್ ನೀವು. ಪಿಂಚಣಿ ಇಲ್ಲ, ಸರ್ಕಾರಿ ನೌಕರರಿಗಿರುವ ಔಷಧಿ ಕಾರ್ಡೂ ಇಲ್ಲ. ಮಾವನವರು ಬ್ಯಾಂಕಿನಲ್ಲಿ ಇಟ್ಟುಹೋದ ಹಣದ ಬಡ್ಡಿ ಅಷ್ಟೇ. ಪ್ರತಿ ತಿಂಗಳ ಮೊದಲ ದಿನ ಮಾತ್ರೆಯ ಹಣವಿಟ್ಟ ಒಂದು ಲಕೋಟೆ ನನ್ನ ಕೈಗಿಡುತ್ತಿದ್ದಿರಿ. ಬೇಡ ಎಂದರೆ ಊಟ ಬಿಡುತ್ತೀರೆಂದು ನಿಮ್ಮ ಮಗಳು ವಿದ್ಯಾ ಮೊದಲೇ ಎಚ್ಚರಿಸಿದ್ದಳು.

ಡಾಕ್ಟರ ಕೋಣೆಯಿಂದ ಹೊರಬರುವಾಗ ನೀವು ಚೀಟಿಯನ್ನು ಎರಡು ಸಲ ಮಡಿಸುತ್ತಿದ್ದುದು ನೆನಪಿದೆ. ಸಕ್ಕರೆ ಕಾಯಿಲೆಗೆ ಮೊದಲು ಒಂದು ಮಾತ್ರೆ ಇತ್ತು. ಆಮೇಲೆ ಎರಡಾಯಿತು, ಮೂರಾಯಿತು. ಬೆರಳು ಚುಚ್ಚಿ ನೋಡುವ ಪಟ್ಟಿಗಳ ಬೆಲೆಯೂ ಏರಿತು. ಬಡ್ಡಿ ಮಾತ್ರ ಇದ್ದಲ್ಲೇ ಇತ್ತು. ಕಣ್ಣಿನ ಪೊರೆ ತೆಗೆಸಬೇಕೆಂದು ಡಾಕ್ಟರು ಹೇಳಿದಾಗ "ಮುಂದಿನ ವರ್ಷ ನೋಡೋಣ" ಎಂದುಬಿಟ್ಟಿರಿ. ಆಗಲೇ ನೀವು ಕನ್ನಡ ವಾರಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದಿರಿ. ಓದಿ ಹೇಳೆಂದರೆ ಮೊಮ್ಮಗಳಿಗೆ ಕನ್ನಡ ಅಕ್ಷರ ಬಾರದು. ನನ್ನ ಹಣ ನೀವು ಮುಟ್ಟುವವರಲ್ಲ. ನಾನೇನು ಮಾಡಬೇಕಿತ್ತು?

ಒಂದು ಶನಿವಾರ ಮೆಟ್ರೋ ನಿಲ್ದಾಣದ ಹತ್ತಿರದ ಸರ್ಕಾರಿ ಜನರಿಕ್ ಅಂಗಡಿಯ ವಿಷಯ ತೆಗೆದೆ. ಅದೇ ಔಷಧಿ, ಕಂಪನಿಯ ದೊಡ್ಡ ಹೆಸರು ಇರುವುದಿಲ್ಲ, ಬೆಲೆ ತೀರಾ ಕಡಿಮೆ ಎಂದೆ. ನೀವು ನಕ್ಕಿರಿ. "ಅಷ್ಟು ಅಗ್ಗ ಅಂದ್ರೆ ಅದು ಸುಣ್ಣದ ಪುಡಿ ಅಳಿಯಂದ್ರೇ. ನನ್ನನ್ನ ಬೇಗ ಕಳಿಸೋ ಯೋಚನೆನಾ?" ಆಮೇಲೆ ಒಬ್ಬನೇ ಹೋಗಿ ಡಾಕ್ಟರನ್ನು ಕೇಳಿದೆ. "ಧಾರಾಳವಾಗಿ ಕೊಡಿ, ಮೂರು ತಿಂಗಳಿಗೆ ರಕ್ತ ನೋಡೋಣ" ಎಂದರು. ವಾರದ ಮಾತ್ರೆಗಳನ್ನು ಡಬ್ಬಿಯ ಮನೆಗಳಿಗೆ ತುಂಬುವವನು ನಾನೇ. ನಿಮ್ಮ ಕಣ್ಣು ಮಂಜು. ಬದಲಾಯಿಸಿಬಿಟ್ಟೆ. ವಿದ್ಯಾ "ಅಮ್ಮಂಗೆ ಹೇಳಿ ಮಾಡಿ" ಎಂದಳು. ಹೇಳುತ್ತೇನೆ, ಹೇಳುತ್ತೇನೆ ಎಂದು ನಾನು…

ಮೂರು ತಿಂಗಳ ವರದಿ ಬಂದ ದಿನ ನಿಮ್ಮ ಮುಖ ನೋಡಬೇಕಿತ್ತು. ಸಕ್ಕರೆ ಮೊದಲಿಗಿಂತ ಸ್ವಲ್ಪ ಇಳಿದಿತ್ತು. "ನೋಡಿದ್ರಾ? ಒಳ್ಳೇ ಕಂಪನಿ ಮಾತ್ರೆ ಅಂದ್ರೆ ಇದು!" ಎಂದಿರಿ. ವಿದ್ಯಾ ಅಡುಗೆಮನೆಗೆ ಓಡಿದಳು, ನಗು ತಡೆಯಲಾಗದೆ. ನಾನು ವರದಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ನಿಮ್ಮ ಲಕೋಟೆಗಳಲ್ಲಿ ಉಳಿದದ್ದನ್ನು ಬೇರೆ ಎತ್ತಿಟ್ಟಿದ್ದೆ. ವರ್ಷ ತುಂಬುವ ಹೊತ್ತಿಗೆ ಒಂದು ಕಣ್ಣಿನ ಆಪರೇಷನ್ನಿಗೆ ಸಾಕಾಗುವಷ್ಟಾಯಿತು. "ಬ್ಯಾಂಕಿನವರು ಬಡ್ಡಿ ಜಾಸ್ತಿ ಮಾಡಿದ್ದಾರೆ ಅತ್ತೆ" ಎಂದೆ. ಅದು ಎರಡನೆಯ ಸುಳ್ಳು. ನೀವು ನಂಬಿದಿರಿ. ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಎದುರಿನ ಟವರಿನಲ್ಲಿ ಒಣಗಲು ಹಾಕಿದ್ದ ಬಟ್ಟೆಗಳ ಬಣ್ಣ ಒಂದೊಂದಾಗಿ ಹೇಳಿದಿರಿ. ಮೊಮ್ಮಗಳು "ಅಜ್ಜಿ, ಸಹೀ ಹೈ!" ಎಂದು ಪ್ರತಿ ಸರಿಯುತ್ತರಕ್ಕೂ ಚಪ್ಪಾಳೆ ತಟ್ಟಿದಳು.

ಕಣ್ಣು ಸರಿಹೋದರೆ ಏನಾಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ ನೋಡಿ! ಹತ್ತು ದಿನ ಕಳೆದಿರಬೇಕು. ಆಫೀಸಿನಿಂದ ಬಂದಾಗ ನೀವು ಊಟದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಿರಿ. ನನ್ನ ಕಪಾಟಿನ ಮಾತ್ರೆಗಳೆಲ್ಲ ಮೇಜಿನ ಮೇಲೆ. ಹಳೆಯ ಚೀಟಿಗಳೂ ಪಕ್ಕದಲ್ಲೇ.

"ಇದು ಯಾವಾಗಿಂದ?"

"ವರ್ಷ ಆಯ್ತು ಅತ್ತೆ. ಡಾಕ್ಟರ ಹತ್ರ ಕೇಳಿಯೇ…"

"ಡಾಕ್ಟರನ್ನ ನೀನು ಕೇಳಿದೆ. ನುಂಗೋಳು ನಾನು. ನನ್ನನ್ನ ಕೇಳಿದ್ಯಾ? ಕಣ್ಣು ಮಂಜಾಗಿದ್ರೆ ಬುದ್ಧಿನೂ ಮಂಜಾಗಿತ್ತಾ ನಂದು?"

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ನೀವು ನನ್ನನ್ನು 'ನೀನು' ಎಂದಿದ್ದಿರಿ.

ಮೂರನೆಯ ದಿನ ಇ-ರಿಕ್ಷಾ ಹತ್ತಿ ನೀವೊಬ್ಬರೇ ಆ ಅಂಗಡಿಗೆ ಹೋದಿರಿ. ಸಾಲಿನಲ್ಲಿ ನಿಂತು, ಅಂಗಡಿಯವನಿಗೆ ನೂರು ಪ್ರಶ್ನೆ ಹಾಕಿ, ತಿಂಗಳ ಮಾತ್ರೆ ತಂದಿರಿ. ಬಂದು ಚೀಲವನ್ನು ನನ್ನ ಮುಂದೆ ಇಟ್ಟು, "ಮಾತ್ರೆ ಬದಲಾಯಿಸಿದ್ದು ಸರಿ. ಬಚ್ಚಿಟ್ಟಿದ್ದು ತಪ್ಪು. ಇನ್ನು ಡಬ್ಬಿ ನಾನೇ ತುಂಬ್ಕೋತೀನಿ. ಕಾಫಿ ಕುಡೀತೀಯಾ?" ಎಂದಿರಿ. ಕಾಫಿ ಕೊಟ್ಟು ಬೆನ್ನ ಮೇಲೊಂದು ಮೆಲ್ಲಗೆ ಗುದ್ದಿದಿರಿ.

ಆ 'ನೀನು' ಮತ್ತೆ 'ನೀವು' ಆಗಲೇ ಇಲ್ಲ. 'ಅಳಿಯಂದ್ರೇ' ಹೋಗಿ 'ರಘೂ' ಬಂತು. ಚಿಕ್ಕಂದಿನಲ್ಲೇ ಅಮ್ಮನನ್ನು ಕಳೆದುಕೊಂಡವನು ನಾನು. ಅದು ನನಗೆ ಹೇಗಿತ್ತೆಂದು ನಿಮಗೆ ಗೊತ್ತಾಗಿತ್ತೇ? ನನ್ನ ಗಂಟಲಲ್ಲಿ ಉಳಿದಿದ್ದ ಮಾತು ಇದೇ ಅತ್ತೆ.

ಕೊನೆಯ ಎರಡು ವರ್ಷ ಪಾರ್ಕಿನ ಬೆಂಚಿನಲ್ಲಿ ಕೂತು ಪಂಜಾಬಿ ಹೆಂಗಸರಿಗೆಲ್ಲ "ನಾಮ್ ಮತ್ ದೇಖೋ, ದವಾಯಿ ದೇಖೋ. ಪಹಲೇ ಡಾಕ್ಟರ್ ಸೇ ಪೂಛೋ" ಎಂದು, ಹೆಸರಲ್ಲ ಔಷಧಿ ನೋಡಿ, ಮೊದಲು ಡಾಕ್ಟರನ್ನು ಕೇಳಿ ಎಂದು ಪಾಠ ಮಾಡುತ್ತಿದ್ದಿರಿ. ಮೂರನೇ ಮಹಡಿಯ ಆಂಟಿ ಇವತ್ತಿಗೂ ನಿಮ್ಮನ್ನು 'ಮೇಡಂಜಿ' ಎಂದೇ ನೆನೆಯುತ್ತಾರೆ. ನೀವು ಹೋದದ್ದೂ ನಿಮ್ಮಂತೆಯೇ. ಬೆಳಗಿನ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತವರು ಮತ್ತೆ ಏಳಲಿಲ್ಲ, ಮಡಿಲಲ್ಲಿ ವಾರಪತ್ರಿಕೆ ಹಾಗೇ ಇತ್ತು.

ಈಗ ಸುದ್ದಿ. ಹೋದ ವಾರ ಆಫೀಸಿನ ತಪಾಸಣೆಯಲ್ಲಿ ನನಗೂ ಸಕ್ಕರೆ ಎಂದು ಬಂತು. ವರದಿ ಕೈಯಲ್ಲಿ ಹಿಡಿದು ಮೆಟ್ರೋದಲ್ಲಿ ಕೂತೆ. ಮನೆ ಖರ್ಚಿನ ಬಗ್ಗೆ ವಿದ್ಯಾಳಿಗಿರುವ ಚಿಂತೆ, ಮಗಳ ಶಾಲೆಯ ಶುಲ್ಕ, ಎಲ್ಲ ತಲೆಯಲ್ಲಿ ಓಡಿತು. ಸ್ವಲ್ಪ ದಿನ ಬಚ್ಚಿಟ್ಟರೆ ಹೇಗೆ ಎಂದೂ ಅನ್ನಿಸಿತು. ನೀವಿದ್ದಿದ್ದರೆ ಎಷ್ಟು ಬೈಯುತ್ತಿದ್ದಿರೋ!

ವಿದ್ಯಾ ಬಾಗಿಲು ತೆಗೆದಳು. ನಾನು ಇನ್ನೂ ಶೂ ಬಿಚ್ಚಿರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಹೇಳಿಬಿಟ್ಟೆ.