ದೇವರ ಕಂಬಳಿಯ ಎಳೆ

ಸೋಮವಾರ, ೧೯ ಜನವರಿ ೨೦೨೬, ಬಾದಾಮಿ

ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಲ್ಯಾಬಿನಲ್ಲಿ ಗುಡ್ಡದ ಮೇಲಿನ ಹೊಂಡದ ಒಂದೇ ಮೀನಿನ ಹೊಟ್ಟೆಯಲ್ಲಿ ಹದಿನೇಳು ಎಳೆಗಳು ಸಿಕ್ಕವು. ಎಲ್ಲವೂ ಕಪ್ಪು. ಅಲ್ಲಿಗೆ ರಸ್ತೆಯೇ ಇಲ್ಲ. ಚಾರಣಕ್ಕೆ ಹತ್ತುವ ನಾಲ್ಕು ಜನರೇ ಹೊಂಡ ಕೆಡಿಸುತ್ತಾರೆಂದು ತಿಂಗಳಿಂದ ಅವರನ್ನು ಬೈಯುತ್ತ ತಿರುಗಿದ್ದೆ.

ಕಂಬಳಿಯ ಎಳೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಉಣ್ಣೆಯಾದರೆ ಕೊಳೆತು ಹೋಗುತ್ತದೆ ಎಂದೆ. ಲ್ಯಾಬಿನ ನರ್ಗೀಸ ಸೂಜಿ ಕಾಸಿ ಮುಟ್ಟಿಸಿದಳು. ಎಳೆ ಮುದುಡಿ ಕರಗಿತು.

"ಉಣ್ಣಿ ಆಗಿದ್ರ ಕೂದಲಾ ಸುಟ್ಟ ವಾಸನಿ ಬರ್ತಿತ್ರಿ, ಮೇಡಂ. ಇದು ಪ್ಲಾಸ್ಟಿಕ್."

ಕುಲದೇವರು ಬೀರಪ್ಪನ ಪೂಜೆಗೆ ಮುಂಚೆ ನಮ್ಮವರು ಕಂಬಳಿ ಒಗೆಯುವುದು ಆ ಹೊಂಡದಲ್ಲೇ. ದೇವರ ಕಂಬಳಿಗೆ ನಳದ ನೀರು ನಡೆಯುವುದಿಲ್ಲವಂತೆ. ಈ ಪ್ಲಾಸ್ಟಿಕ್ಕಿಗೆ ಕಂಬಳಿ ಎಂದು ಹೆಸರಿಟ್ಟವನು ಯಾವನು?

ಸಂಜೆ ಅಪ್ಪನ ಮುಂದೆ ಕೂಗಾಡಿದೆ. ಅವನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಹೇಳಿದ: "ಕುರಿ ಮಾರಿ ಹತ್ತ ವರ್ಷ ಆತು, ಉಣ್ಣಿ ಎಲ್ಲಿಂದ ತರ್ಲಿ? ಈ ಕಂಬಳಿ ಕುಳಗೇರಿ ಕ್ರಾಸಿನ್ಯಾಗ ನೀನ ಕೊಡಿಸಿದ್ದಿ. ಹಗುರ ಐತಿ, ಲಗೂನ ಆರತೈತಿ ಅಂತ ನೀನ ಅಂದಿದ್ದಿ."

ಹೌದು, ನಾನೇ.

ಮೂರು ವರ್ಷ ಅಪ್ಪ ಅದನ್ನು ಭಕ್ತಿಯಿಂದ ಕಲ್ಲಿಗೆ ತಿಕ್ಕಿ ಒಗೆದಿದ್ದಾನೆ. ಎಳೆ ಉದುರಿದಷ್ಟೂ ಕೊಳೆ ಹೋಯಿತೆಂದು ಇನ್ನಷ್ಟು ತಿಕ್ಕಿದ್ದಾನೆ.

ಹೊಂಡದ ಮಾಲಿನ್ಯದ ವರದಿಯಲ್ಲಿ 'ಮೂಲ' ಎಂಬಲ್ಲಿ ಹೋದ ವಾರವೇ 'ಚಾರಣಿಗರು' ಎಂದು ಬರೆದಿಟ್ಟಿದ್ದೆ. ಈಗ ಅದನ್ನು ಹೊಡೆದುಹಾಕಿದೆ. ಆ ಜಾಗದಲ್ಲಿ ಬರೆದೆ: 'ದೇವರ ಕಂಬಳಿ. ಕೊಡಿಸಿದವಳು ನಾನು.'